ಅಕ್ಕನ ಕಾಗದ

ನಮ್ಮ ಕೇರಿಗೆ ಇಂಗ್ಲಿಷಿನ ಕಾಗದ ಬಂದರೆ ಅದು ನೇರ ನನ್ನ ಕೈಗೆ ಬರುತ್ತದೆ. ಬ್ಯಾಂಕಿನ ನೋಟೀಸು, ಸಂಘದ ಸಾಲದ ಕಾಗದ, ಆಸ್ಪತ್ರೆ ರಿಪೋರ್ಟು. ನಮ್ಮ ಮನೆತನದಲ್ಲಿ ಬಿ.ಎ. ಮುಗಿಸಿದವನು ನಾನೊಬ್ಬನೆ. ಮನೆತನ ಅನ್ನುವುದು ದೊಡ್ಡ ಮಾತಾಯಿತು. ಎರಡು ಅಂಕಣದ ಮನೆ, ಅಷ್ಟೆ. "ಓದು ತಮ್ಮಾ, ಏನು ಬರದಾರ?" ಅಂತ ಮುಂದೆ ಕೂಡುತ್ತಾರೆ. ನಾನು ಓದುತ್ತೇನೆ. ತಿಳಿಯದ ಕಡೆ ತಿಳಿದಂತೆ ಮುಖ ಮಾಡುತ್ತೇನೆ. ಅಕ್ಷರ ಕಲಿತ ಮೇಲೆ ನಾನು ಕಲಿತ ಮೊದಲ ಮೋಸ ಅದು. ಎರಡನೆಯ ಮೋಸದ ಕತೆ ಇಲ್ಲಿ ಬರೆಯುತ್ತಿದ್ದೇನೆ.

2023ರ ಡಿಸೆಂಬರ್ ಕೊನೆ. ಅಕ್ಕನಿಗೆ ಐದು ತಿಂಗಳು. ಆ ವರ್ಷ ರಾಜ್ಯವೆಲ್ಲ ಬರ; ಮಾವ ಬೆಂಗಳೂರಿಗೆ ಗುಳೆ ಹೋಗಿದ್ದ, ಕಟ್ಟಡದ ಕೆಲಸಕ್ಕೆ. ಅಕ್ಕ ರಾರಾವಿಯಲ್ಲಿ ನಮ್ಮ ಜೊತೆಗೇ ಇದ್ದಳು. ನಮ್ಮೂರ ಮಗ್ಗುಲಲ್ಲಿ ಹಗರಿ, ಪುಸ್ತಕದಲ್ಲಿ ಅದಕ್ಕೆ ವೇದಾವತಿ ಅಂತ ಹೆಸರು. ಸ್ವಲ್ಪ ದೂರ ಹೋದರೆ ಆಂಧ್ರ. 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿ ಜಿಲ್ಲೆಯನ್ನು ಹರಿದು ಹಂಚಿದಾಗ ಆದೋನಿ, ಆಲೂರು, ರಾಯದುರ್ಗ ಆ ಕಡೆ ಹೋದವು, ಸಿರುಗುಪ್ಪ ಮೈಸೂರಿಗೆ ಬಂತು. ಗೆರೆ ಎಳೆದವರಿಗೆ ಜ್ವರ ಬಂದರೆ ಎಲ್ಲಿಗೆ ಹೋಗುತ್ತಿದ್ದರೋ, ನಮ್ಮವರು ಮಾತ್ರ ಯಾವ ಬಸ್ಸು ಮೊದಲು ಬಂತೋ ಅದನ್ನು ಹತ್ತುತ್ತಾರೆ. ಅಕ್ಕನನ್ನೂ ಹಾಗೇ ಒಂದು ಖಾಸಗಿ ಸ್ಕ್ಯಾನಿಂಗ್ ಸೆಂಟರಿಗೆ ಕರೆದುಕೊಂಡು ಹೋದೆ. ಯಾವ ಊರಿನದು ಅಂತ ಬರೆಯುವುದಿಲ್ಲ. ಎಲ್ಲ ಕಡೆಯೂ ಅವೇ ಕುರ್ಚಿ, ಅದೇ ಟೋಕನ್ನು, ಗೋಡೆಯ ಮೇಲೆ ಅದೇ ಬೋರ್ಡು: ಭ್ರೂಣದ ಲಿಂಗ ಪತ್ತೆ ಮಾಡುವುದಿಲ್ಲ.

ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಡಾಕ್ಟರು ಒಂದೇ ಕಡೆ ಒತ್ತಿ ಒತ್ತಿ ನೋಡಿದರಂತೆ. "ಯಾಕ್ರೀ ಸರ, ಅಲ್ಲೇ ನೋಡಾಕತ್ತೀರಿ?" ಅಂತ ಕೇಳಿದ್ದಕ್ಕೆ ಸುಮ್ಮನೆ ಮಲಗು ಅಂದರಂತೆ. ಹೊರಗೆ ಬಂದಾಗ ಅವಳ ಕೈಯಲ್ಲಿ ಕವರು ಇತ್ತು. ಒಡೆದು ಓದಿದೆ. ತಲೆ, ಬೆನ್ನು, ಕೈಕಾಲು ಎಲ್ಲ ಸರಿ. ಕೆಳಗೆ ಒಂದು ಸಾಲು: ವಿ.ಎಸ್.ಡಿ., ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ. ಭ್ರೂಣದ ಹೃದಯದ ಎಕೋ ಮಾಡಿಸಿರಿ ಅಂತ ಸಲಹೆ. ಫೋನಿನಲ್ಲಿ ಹುಡುಕಿದೆ. ಗುಂಡಿಗೆಯ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತು.

"ಏನಂತ?" ಅಂದಳು.

"ಎಲ್ಲಾ ಚಲೋ ಐತೆಕ್ಕಾ. ಇನ್ನೊಂದು ಸ್ಕ್ಯಾನು ಮಾಡಸಬೇಕಂತ, ಅಷ್ಟ."

ಅವಳು ನಕ್ಕಳು. ಮಿರ್ಚಿ ತಿನ್ನೋಣ ಬಾ ಅಂದಳು. ತಿಂದೆವು. ನನಗೆ ಆ ಮಿರ್ಚಿಯ ರುಚಿ ಇವತ್ತಿಗೂ ನಾಲಿಗೆಯ ಮೇಲೆ ಹಾಗೇ ಇದೆ.

ನಾನು ಪದ್ಯ ಬರೆಯುವವನು. ಈ ಪತ್ರಿಕೆ ಓದುವ ಗೆಳೆಯರಿಗೆ ಅದು ಗೊತ್ತು. ಆ ರಾತ್ರಿ ನನ್ನ ನೋಟ್‌ಬುಕ್ ತೆಗೆದು ನೋಡಿದರೆ ಪುಟ ಪುಟಕ್ಕೂ ಎದೆ. ಎದೆಯಲ್ಲಿ ಬೆಂಕಿ, ಎದೆಯ ಮೇಲೆ ಚಪ್ಪಡಿ, ಎದೆ ಸೀಳಿ ಬಂದ ಕೂಗು. ಆ ಎದೆಯೊಳಗೆ ನಾಲ್ಕು ಕೋಣೆ ಇವೆ, ನಡುವೆ ಗೋಡೆ ಇದೆ, ಅದು ತಾಯಿಯ ಹೊಟ್ಟೆಯಲ್ಲಿ ಇಷ್ಟಿಷ್ಟೇ ಬೆಳೆದು ಕೂಡಿಕೊಳ್ಳಬೇಕು, ಕೂಡದೆಯೂ ಇರಬಹುದು ಅನ್ನುವುದು ನನಗೆ ಗೊತ್ತಿರಲಿಲ್ಲ. ಪುಸ್ತಕ ಮುಚ್ಚಿಟ್ಟೆ.

ನಾಲ್ಕು ದಿನ ಸುಳ್ಳಿನಲ್ಲೇ ಕಳೆದವು. ಐದನೆಯ ದಿನ ಆಶಾ ಅಕ್ಕ ತಾಯಿ ಕಾರ್ಡ್ ನೋಡಲು ಬಂದವರು ರಿಪೋರ್ಟು ತಿರುವಿ, "ಗುಂಡಿಗಿದೇನೋ ಬರದಾರಲ್ಲವ್ವಾ, ಬಳ್ಳಾರಿಗೆ ಯಾವಾಗ ಹೊಂಟೀರಿ?" ಅಂದರು. ಅಕ್ಕ ಅವರಿಗೆ ಏನೂ ಹೇಳಲಿಲ್ಲ. ಅವರು ಹೋದ ಮೇಲೆ ಕಾಗದ ತಂದು ನನ್ನ ಮುಂದೆ ಇಟ್ಟಳು.

"ಓದು. ಇದ್ದದ್ದು ಇದ್ದಂಗ ಓದು."

ಓದಿದೆ. ಅವಳು ಕೊನೆತನಕ ಕೇಳಿ, ಗದ್ದಲ ಮಾಡದೆ, ಅಂದಳು: "ಏಳನೇತ್ತಕ್ಕ ನಾ ಸಾಲಿ ಬಿಟ್ಟೆ. ನಿನ್ನ ಎತ್ತಿಕೊಂಡು ಕಳೆ ತಗದೆ. ನೀ ಓದಿ ಬಂದು ನನಗ ಸುಳ್ಳು ಓದ್ಲಿ ಅಂತೇನು?"

ನಮಗೆ ಅಕ್ಷರ ಕೊಡದವರ ಮೇಲೆ ನಾನು ವೇದಿಕೆ ಹತ್ತಿ ಎಷ್ಟೋ ಮಾತಾಡಿದ್ದೇನೆ. ಒಳ್ಳೆಯದಕ್ಕೇ ಮುಚ್ಚಿಡುತ್ತೇವೆ, ನಿಮಗೆ ತಿಳಿಯುವುದಿಲ್ಲ ಅಂತಲೇ ಅವರೂ ಹೇಳಿದ್ದು. ಅವಳ ಹೊಟ್ಟೆ, ಅವಳ ಕೂಸು, ಅವಳ ಕಾಗದ. ಅಕ್ಷರ ಮಾತ್ರ ನನ್ನದು ಅಂತ ನಾನು ಅದರ ಮೇಲೆ ಕೂತೆ. ಅಕ್ಕನ ಮುಂದೆ ನನಗೆ ಬಾಯಿ ಬರಲಿಲ್ಲ.

"ತೂತಂದ್ರ ಎಂಥಾ ತೂತು?" ಅಂತ ಅವಳೇ ಮುಂದೆ ಕೇಳಿದಳು.

ನನಗೆ ತಿಳಿದಷ್ಟನ್ನು ನೆಲದ ಮೇಲೆ ಇದ್ದಲಿನಿಂದ ಗೀಚಿ ಹೇಳಿದೆ. ನಾಲ್ಕು ಮಡಿ ಅಂದ್ಕೊ. ಮೇಲೆ ಎರಡು, ಕೆಳಗೆ ಎರಡು. ಬಲಗಡೆ ಮಡಿಗೆ ಮೈಯೊಳಗಿನ ಕೆಟ್ಟ ರಕ್ತ ಬರುತ್ತದೆ, ಅಲ್ಲಿಂದ ಶ್ವಾಸಕೋಶಕ್ಕೆ ಹೋಗಿ ತೊಳೆದುಕೊಂಡು ಎಡಗಡೆಗೆ ಬರುತ್ತದೆ, ಎಡಗಡೆಯ ಕೆಳಮಡಿ ಅದನ್ನು ಮೈಗೆಲ್ಲ ಒತ್ತುತ್ತದೆ. ನಡುವೆ ತೂಬುಗಳು, ಒಂದೇ ಕಡೆಗೆ ತೆರೆಯುವಂಥವು. ಕೆಳಗಿನ ಎರಡು ಮಡಿಗಳ ನಡುವಿನ ಬದುವಿನಲ್ಲಿ ತೂತಿದ್ದರೆ ಜೋರು ಇರುವ ಕಡೆಯಿಂದ ಜೋರು ಇಲ್ಲದ ಕಡೆಗೆ ಸೋರುತ್ತದೆ. ಹೊಟ್ಟೆಯಲ್ಲಿರುವಾಗ ಕೂಸು ಉಸಿರಾಡುವುದಿಲ್ಲ, ಎರಡೂ ಕಡೆ ಜೋರು ಹೆಚ್ಚುಕಡಿಮೆ ಒಂದೇ, ಹಾಗಾಗಿ ಅಷ್ಟು ತೊಂದರೆ ಇಲ್ಲ. ಹುಟ್ಟಿ ಉಸಿರು ತಗೊಂಡ ಮೇಲೇ ಸೋರುವುದು.

ಹತ್ತು ವರ್ಷ ನೆಲ್ಲಿನ ಗದ್ದೆಯಲ್ಲಿ ಬಗ್ಗಿದವಳಿಗೆ ನನಗಿಂತ ಬೇಗ ತಿಳಿಯಿತು. "ಏಡಿ ತೂತು," ಅಂದಳು. "ಸಣ್ಣದಾದ್ರ ಗೋಡು ಬಂದು ತಾನ ಮುಚ್ಚತೈತಿ. ದೊಡ್ಡದಾದ್ರ ಮಣ್ಣು ಬಡೀಬೇಕು. ಸಣ್ಣದೋ ದೊಡ್ಡದೋ ಅಂತ ಯಾರು ಹೇಳ್ತಾರ?"

ಮುಂದೆ ಬೆಂಗಳೂರಿನಲ್ಲಿ ಡಾಕ್ಟರಮ್ಮ ಹೇಳಿದ್ದೂ ಇದನ್ನೇ, ಇಷ್ಟು ಚೆಂದ ಅಲ್ಲ ಅಷ್ಟೆ.

ಈ ನಡುವೆ ಮನೆಯಲ್ಲಿ ವಿಚಾರಣೆ ಶುರುವಾಗಿತ್ತು. ಆರೋಪಿ ಅಕ್ಕ. ಅಜ್ಜಿ ಅಂದಳು, ಸೀಗಿ ಹುಣ್ಣಿಮೆ ರಾತ್ರಿ ಗ್ರಹಣ ಹಿಡಿದಾಗ ಇವಳು ಹೊರಗೆ ಬಂದಿದ್ದಳು ಅಂತ. ಹೌದು, 2023ರ ಅಕ್ಟೋಬರ್ 28ರ ರಾತ್ರಿ ಚಂದ್ರಗ್ರಹಣವಿತ್ತು, ಅಂದೇ ಸೀಗಿ ಹುಣ್ಣಿಮೆ. ಬಸುರಾದ ಭೂಮಿತಾಯಿಗೆ ಬಯಕೆ ಊಟ ಇಕ್ಕುವ ಹಬ್ಬ. ಚರಗ ಚೆಲ್ಲುವುದು ಯಾರದೋ ಹೊಲದಲ್ಲಿ, ಅಡಿಗೆ ಹೊತ್ತು ಹೋಗುವುದು ನಮ್ಮವರ ತಲೆಯ ಮೇಲೆ. ಅದು ಬೇರೆ ಮಾತು. ನಾನು ಲೆಕ್ಕ ಹಾಕಿ ಹೇಳಿದೆ: ಗುಂಡಿಗೆಯ ಗೋಡೆಗಳು ಬಸುರಾದ ಎಂಟು ವಾರದೊಳಗೇ ಕಟ್ಟಿ ಮುಗಿಯುತ್ತವೆ. ಗ್ರಹಣ ಬರುವಷ್ಟರಲ್ಲಿ ಆ ಕೆಲಸ ಆಗಿಹೋಗಿತ್ತು. ಆ ಎಂಟು ವಾರದಲ್ಲಿ ಮೊದಲ ನಾಲ್ಕೈದು ವಾರ ಅಕ್ಕನಿಗೆ ತಾನು ಬಸುರಿ ಅಂತಲೇ ಗೊತ್ತಿರಲಿಲ್ಲ. ಮೊಣಕಾಲುಮಟ ಕೆಸರಲ್ಲಿ ನಿಂತು ನಾಟಿ ಹಚ್ಚುತ್ತಿದ್ದಳು. ತಾಯಿ ಕಾರ್ಡ್ ಕೈಗೆ ಬರುವಷ್ಟರಲ್ಲಿ ಗುಂಡಿಗೆ ತನ್ನ ಕಟ್ಟಡ ಮುಗಿಸಿರುತ್ತದೆ. ಗರ್ಭಿಣಿ ಕೂಲಿಕಾರಳಿಗೆ ರಜೆ, ರಜೆಯ ಕೂಲಿ ಬೇಕೆಂದು ಬಾಬಾಸಾಹೇಬರು ಮುಂಬೈ ಶಾಸನಸಭೆಯಲ್ಲಿ ವಾದಿಸಿದ್ದು 1928ರಲ್ಲಿ. ಅದು ಕಾರ್ಖಾನೆಯ ಹೆಂಗಸರಿಗಾಗಿ ತಂದ ಮಸೂದೆ. ನಾಟಿಯ ಹೆಣ್ಣಾಳಿಗೆ ಇಂದಿಗೂ ಹೋದ ದಿನ ಕೂಲಿ, ಹೋಗದ ದಿನ ಇಲ್ಲ.

ಅಜ್ಜಿ ಒಪ್ಪಲಿಲ್ಲ. ಅಕ್ಕನನ್ನು ಕೊಟ್ಟಿರುವುದು ಅವಳ ಮಗನಿಗೇ, ಅಂದರೆ ನಮ್ಮ ಸೋದರಮಾವನಿಗೇ. ಬೆಂಗಳೂರಿನ ಡಾಕ್ಟರಮ್ಮ ಮೊದಲು ಕೇಳಿದ ಪ್ರಶ್ನೆ ಅದು: "ಸಂಬಂಧದಲ್ಲಿ ಮದುವೆನಾ?" ರಕ್ತಸಂಬಂಧದಲ್ಲಿ ಇಂಥ ದೋಷದ ಸಾಧ್ಯತೆ ಒಂದಿಷ್ಟು ಹೆಚ್ಚು, ಆದರೆ ಬಹಳಷ್ಟು ಮಕ್ಕಳಲ್ಲಿ ಇದೇ ಕಾರಣ ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ, ನೂರು ಕೂಸಿನಲ್ಲಿ ಹತ್ತಿರ ಹತ್ತಿರ ಒಂದಕ್ಕೆ ಗುಂಡಿಗೆಯ ದೋಷ ಇರುತ್ತದೆ, ತಾಯಿ ತಪ್ಪು ಮಾಡಿದ್ದಾಳೆ ಅಂತ ಅಲ್ಲ, ಅಂದರು. ಹೊರಗಿನ ಗಂಡು ಹುಡುಕಿದರೆ ಖರ್ಚು ಅಂತ ಅಕ್ಕನನ್ನು ಮನೆಯೊಳಗೇ ಕೊಟ್ಟದ್ದು. ಆ ಉಳಿದ ದುಡ್ಡಿನಲ್ಲಿ ಯಾರು ಕಾಲೇಜಿಗೆ ಹೋದ ಎಂಬುದನ್ನು ನಾನು ಡಾಕ್ಟರಿಗೆ ಹೇಳಲಿಲ್ಲ.

ಇನ್ನೊಂದು ಮಾತು ಮನೆಯಲ್ಲಿ ಮೆಲ್ಲಗೆ ಓಡಾಡುತ್ತಿತ್ತು. ತೆಗೆಸಿಬಿಡುವುದು. ಫೋನಿನಲ್ಲಿ ಮಾವನೂ ಅಂದ: "ಹುಟ್ಟಿ ನರಳೋದಕ್ಕಿಂತ…" ಮುಂದೆ ಮಾತು ಹೊರಡಲಿಲ್ಲ, ಅತ್ತುಬಿಟ್ಟ. ನಾನು ಕಾಯಿದೆ ಓದಿದೆ. 2021ರ ತಿದ್ದುಪಡಿಯ ಪ್ರಕಾರ ಭ್ರೂಣಕ್ಕೆ ಗಂಭೀರ ದೋಷವಿದ್ದರೆ 24 ವಾರದವರೆಗೆ ಇಬ್ಬರು ಡಾಕ್ಟರ ಅಭಿಪ್ರಾಯದ ಮೇಲೆ ತೆಗೆಸಬಹುದು. ಅದು ದಾಟಿದರೆ ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕು. ವಯಸ್ಸಿಗೆ ಬಂದ ಹೆಂಗಸಾದರೆ ಅವಳ ಒಪ್ಪಿಗೆ ಒಂದೇ ಸಾಕು. ಗಂಡನ ಸಹಿ, ಅತ್ತೆಯ ಸಹಿ, ಬಿ.ಎ. ಓದಿದ ತಮ್ಮನ ಸಹಿ ಯಾವುದೂ ಬೇಡ. ಇದನ್ನೂ ಅಕ್ಕನಿಗೆ ಇದ್ದದ್ದು ಇದ್ದಂಗ ಓದಿದೆ. ಅವಳು ಬಹಳ ಹೊತ್ತು ಒಲೆ ನೋಡುತ್ತ ಕೂತಳು. "ಮೊದಲು ತೂತು ಎಷ್ಟೈತಿ ನೋಡ್ಲಿ. ಆಮ್ಯಾಲೆ ನಾ ಹೇಳ್ತೀನಿ. ಅಲ್ಲೀತನ ಯಾರೂ ಬಾಯಿ ತೆಗೀಬ್ಯಾಡ್ರಿ."

ಬಳ್ಳಾರಿಗೆ ಹೋದೆವು, ಐವತ್ತು ಕಿಲೋಮೀಟರಿಗೂ ಮೇಲೆ. ತೋರಿಸಿದಲ್ಲಿ, ಮಕ್ಕಳ ಹೃದಯ ನೋಡುವವರ ಹತ್ತಿರ ಬೆಂಗಳೂರಿಗೇ ಹೋಗಿ ಅಂತ ಚೀಟಿ ಬರೆದುಕೊಟ್ಟರು. ನಮ್ಮ ಜಿಲ್ಲೆಯ ಅದಿರಿಗೆ ಬಂದರಿನ ದಾರಿ, ಅಲ್ಲಿಂದ ಚೀನಾದ ದಾರಿ ಚೆನ್ನಾಗಿ ಗೊತ್ತಿತ್ತು. 2011ರ ಲೋಕಾಯುಕ್ತ ವರದಿಯಲ್ಲಿ ಆ ದಾರಿಗಳ ವಿವರವಿದೆ. ಅಷ್ಟು ಕೆಂಪು ಮಣ್ಣು ಹೊರಟುಹೋದ ಜಿಲ್ಲೆಯಲ್ಲಿ ಹೊಟ್ಟೆಯೊಳಗಿನ ಗುಂಡಿಗೆ ನೋಡುವ ಒಬ್ಬ ಡಾಕ್ಟರು ನಮಗೆ ಸಿಗಲಿಲ್ಲ. ಹಂಪಿ ಎಕ್ಸ್‌ಪ್ರೆಸ್ಸಿನ ಜನರಲ್ ಡಬ್ಬಿಯಲ್ಲಿ ಆರು ತಿಂಗಳ ಬಸುರಿ ಶೌಚಾಲಯದ ಬಾಗಿಲ ಹತ್ತಿರ ಚೀಲದ ಮೇಲೆ ಕೂತು ಹೋದಳು. ಮಾವನ ತಗಡಿನ ಶೆಡ್ಡಿನಲ್ಲಿ ಇಳಿದೆವು. ಮೊದಲ ದಿನ ಪಾಳಿ ಬರಲಿಲ್ಲ. ಎರಡನೆಯ ದಿನ ಮಷೀನು ಖಾಲಿ ಇಲ್ಲ. ಸಂಕ್ರಾಂತಿ ರಜೆ ಬಂತು. 24 ವಾರಕ್ಕೆ ಮೂರು ದಿನ ಇದ್ದಾಗ ನಮ್ಮ ಟೋಕನ್ನು ಕೂಗಿದರು.

ಈ ಸಲ ನನ್ನನ್ನೂ ಒಳಗೆ ಬಿಟ್ಟರು. ಕರಿ ಪರದೆಯ ಮೇಲೆ ಅವರೆಕಾಳಿನಷ್ಟು ಒಂದು ಏನೋ ಬಾಯಿ ತೆರೆದು ಮುಚ್ಚುತ್ತಿತ್ತು. ಡಾಕ್ಟರಮ್ಮ ಬಣ್ಣ ಹಾಕಿ ತೋರಿಸಿದರು: ಕೆಂಪು ಒಂದು ಕಡೆ, ನೀಲಿ ಒಂದು ಕಡೆ. ಗೋಡೆಯ ಮಾಂಸದ ಭಾಗದಲ್ಲಿ ಸಣ್ಣ ತೂತು, ಬೇರೆಲ್ಲ ಸರಿ ಇದೆ, ಇಂಥವು ಬಹಳಷ್ಟು ತಾವೇ ಮುಚ್ಚುತ್ತವೆ, ಕೆಲವು ಮುಚ್ಚುವುದಿಲ್ಲ, ಹುಟ್ಟಿದ ಮೇಲೆ ಮತ್ತೆ ನೋಡಬೇಕು ಅಂದರು. ನಾನು ನೋಟ್‌ಬುಕ್ ತೆಗೆದು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ. ಅಕ್ಕ ನೇರ ಕೇಳಿದಳು: "ಮಣ್ಣು ಬಡೀಬೇಕಾದ್ರ ಎಲ್ಲಿ ಬಡೀತಾರ್ರೀ?" ಡಾಕ್ಟರಿಗೆ ತಿಳಿಯಲಿಲ್ಲ. ನಾನು ಹೇಳಿದೆ. ಅವರು ಮೊದಲ ಸಲ ನಕ್ಕು, ಕುರ್ಚಿ ತಿರುಗಿಸಿ, ಅಕ್ಕನ ಮುಖ ನೋಡಿ ಉತ್ತರ ಕೊಟ್ಟರು. ಜಯದೇವ ಸಂಸ್ಥೆ ಬೆಂಗಳೂರಲ್ಲದೆ ಮೈಸೂರು, ಕಲಬುರಗಿಯಲ್ಲೂ ಇದೆ, ಬಿ.ಪಿ.ಎಲ್. ಕಾರ್ಡಿಗೆ ಆಯುಷ್ಮಾನ್ ಯೋಜನೆ ಇದೆ; ಮಗು ದೊಡ್ಡದಾದ ಮೇಲೆ ಅಂಗನವಾಡಿಗೆ, ಶಾಲೆಗೆ ಬರುವ ಬಾಲ ಸ್ವಾಸ್ಥ್ಯ ತಂಡಕ್ಕೂ ತೋರಿಸಬೇಕು.

ಇದನ್ನು ಓದುವ ಮೇಷ್ಟರುಗಳೇ, ಆ ತಂಡ 2013ರಿಂದ ಇದೆ, ಹುಟ್ಟಿದ ಕೂಸಿನಿಂದ 18 ವರ್ಷದವರೆಗೆ. ಆಟದ ಬಯಲಲ್ಲಿ ನಾಲ್ಕು ಹೆಜ್ಜೆ ಓಡಿ ಕೂತುಬಿಡುವ, ತುಟಿ ನೀಲಿಯಾಗುವ ಹುಡುಗ ನಿಮ್ಮ ಶಾಲೆಯಲ್ಲಿದ್ದರೆ ಸೋಮಾರಿ ಅಂತ ಬೆತ್ತ ಎತ್ತಬೇಡಿ. ತಂಡ ಬಂದ ದಿನ ಅವನನ್ನೇ ಮುಂದೆ ನಿಲ್ಲಿಸಿ. ನನ್ನ ಜೊತೆ ಮೂರನೇತ್ತದಲ್ಲಿ ಅಂಥವನೊಬ್ಬನಿದ್ದ. ನಾವೆಲ್ಲ ಅವನನ್ನು ಮುದುಕ ಅಂತ ಕರೆಯುತ್ತಿದ್ದೆವು. ನಾಲ್ಕನೇತ್ತಕ್ಕೆ ಅವನು ಬರಲಿಲ್ಲ.

ಶೆಡ್ಡಿಗೆ ಬಂದ ಮೇಲೆ ಅಕ್ಕ ತನ್ನ ಮಾತು ಹೇಳಿದಳು. ಇಟ್ಟುಕೊಳ್ಳುತ್ತೇನೆ. ಅದಕ್ಕೆ ಅವಳು ಕಾರಣ ಕೊಡಲಿಲ್ಲ, ನಾನು ಕೇಳಲೂ ಇಲ್ಲ.

2024ರ ಮೇ ತಿಂಗಳಲ್ಲಿ ಬಳ್ಳಾರಿಯಲ್ಲಿ ಹೆರಿಗೆಯಾಯಿತು, ಹೆಣ್ಣು. ಕೊಯ್ದು ತೆಗೆದರು. ಹಾಲು ಕುಡಿಯುವಾಗ ಉಸಿರು ಜೋರಾಗುತ್ತದೇನು, ಹಣೆ ಬೆವರುತ್ತದೇನು, ತೂಕ ಏರುತ್ತದೇನು ನೋಡಿಕೊಳ್ಳಿ ಅಂತ ಹೇಳಿ ಕಳಿಸಿದರು. ಬಳ್ಳಾರಿ ಸೀಮೆಯ ಮೇ ತಿಂಗಳು! "ಈ ಬ್ಯಾಸಿಗ್ಯಾಗ ಯಾರ ಹಣಿ ಬೆವರಂಗಿಲ್ಲಪ್ಪಾ?" ಅಂತ ಅಕ್ಕ ಕೂಸಿನ ಹಣೆ ಒರೆಸುವುದು, ತನ್ನ ಹಣೆ ಒರೆಸುವುದು, ಎರಡನ್ನೂ ಹೋಲಿಸುವುದು. ಕರೆಂಟು ಹೋದರೆ ರಾತ್ರಿಯೆಲ್ಲ ಮೊರ ಬೀಸುತ್ತ, ಉಸಿರು ಎಣಿಸುತ್ತ ಕೂಡುತ್ತಿದ್ದಳು. ಅಂಗನವಾಡಿಯ ತಕ್ಕಡಿಯಲ್ಲಿ ತೂಕ ಏರಿದ ದಿನ ಮನೆಯಲ್ಲಿ ಹೋಳಿಗೆ.

ಅದೇ ವರ್ಷ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಕೊಯ್ದು ಹೆರಿಗೆ ಮಾಡಿಸಿಕೊಂಡ ಐದು ಮಂದಿ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಸತ್ತರು. ಕೈಗೆ ಏರಿಸಿದ ಬಾಟ್ಲಿಯ ದ್ರಾವಣದ ಮೇಲೆ ಅನುಮಾನ ಬಂತು, ಸರ್ಕಾರ ಅದರ ಬಳಕೆ ನಿಲ್ಲಿಸಿತು. ಪೇಪರು ನಾನೇ ಓದಿ ಹೇಳಿದೆ, ಒಂದಕ್ಷರ ಬಿಡದೆ. ಅಕ್ಕ ಕೂಸಿಗೆ ಹಾಲೂಡಿಸುತ್ತ ಕೇಳಿದಳು: "ನಮ್ಮ ಕೂಸಿನ ಗುಂಡಿಗಿ ಬಣ್ಣ ಹಾಕಿ ನೋಡಿದ್ರು. ನನಗ ಏರಿಸಿದ ಬಾಟ್ಲಿ ಯಾರು ನೋಡಿದ್ರು?"

ಅದಕ್ಕೆ ನನ್ನ ಹತ್ತಿರ ಯಾವ ಕಾಗದವೂ ಇರಲಿಲ್ಲ.

ವರ್ಷ ತುಂಬಿದಾಗ ಮತ್ತೆ ಎಕೋ ಮಾಡಿಸಿದೆವು. ತೂತು ಸಣ್ಣದಾಗಿದೆ, ಇನ್ನೂ ಮುಚ್ಚಿಲ್ಲ. ರಿಪೋರ್ಟಿನ ಬೆನ್ನಿಗೆ ಎಲ್ಲವನ್ನೂ ಕನ್ನಡದಲ್ಲಿ ಬರೆಸಿಕೊಂಡಳು ಅಕ್ಕ, ದಪ್ಪ ಅಕ್ಷರದಲ್ಲಿ. ಬರೆದ ಮೇಲೆ ನನ್ನ ಕೈಯಿಂದ ಕಾಗದ ತೆಗೆದುಕೊಂಡು, ಬೆರಳಿಟ್ಟು, ಅಕ್ಷರ ಕೂಡಿಸಿ ಕೂಡಿಸಿ ತಾನೇ ಒಂದು ಸಲ ಓದಿದಳು. ಆಮೇಲೆ ಮಡಿಚಿ ತಾಯಿ ಕಾರ್ಡಿನೊಳಗೆ ಇಟ್ಟು, ಕಾರ್ಡನ್ನು ಜೋಳದ ಗಡಿಗೆಯ ಹಿಂದೆ ಇಟ್ಟಳು.