ಹಾಜರಿ ಪುಸ್ತಕವೂ ಮನುಷ್ಯನೂ

ದಾವಣಗೆರೆಯ ಒಂದು ಬಟ್ಟೆಯ ಗಿರಣಿಯಲ್ಲಿ ನಾವು ಹಲವು ವರ್ಷ ಹಾಜರಿ ಗುಮಾಸ್ತರಾಗಿದ್ದೆವು. ಗಿರಣಿಯ ಕೂಗು ಆದ ಮೇಲೆ ಬಾಗಿಲು ದಾಟಿದವರ ಹೆಸರಿನ ಮುಂದೆ ಕೆಂಪು ಮಸಿಯಿಂದ ಗೆರೆಯೆಳೆಯುವುದು ನಮ್ಮ ಕೆಲಸ. ತಿಂಗಳ ಕೊನೆಗೆ ಆ ಗೆರೆಗಳನ್ನೆಣಿಸಿ ಮ್ಯಾನೇಜರರಿಗೆ ಪಟ್ಟಿಯೊಪ್ಪಿಸುತ್ತಿದ್ದೆವು. ಎಣಿಕೆಯಲ್ಲಿ ಎಂದೂ ತಪ್ಪು ಬಾರದೆಂಬ ಹೆಮ್ಮೆ ನಮಗಿದ್ದಿತು.

೧೯೮೩ರಲ್ಲಿ ಒಬ್ಬ ನೇಕಾರನ ಹೆಸರಿನ ಮುಂದೆ ಒಂದೇ ತಿಂಗಳಲ್ಲಿ ೧೩ ಗೆರೆಗಳು ಬಿದ್ದುವು. ಆ ವರ್ಷದ ಸಂಬಳದ ಬಡ್ತಿ ಅವನಿಗೆ ತಪ್ಪಿತು. ಅವನ ಹೆಂಡತಿ ಆಸ್ಪತ್ರೆಯಲ್ಲಿದ್ದಳೆಂದೂ, ಬೆಳಗ್ಗೆ ಆಕೆಗೆ ಗಂಜಿ ಕುಡಿಸಿ ಬರುವಷ್ಟರಲ್ಲಿ ಕೂಗು ಆಗಿಬಿಡುತ್ತಿದ್ದಿತೆಂದೂ ನಮಗೆ ತಿಳಿದುದು ಆಕೆ ತೀರಿಕೊಂಡ ಮೇಲೆ. ಸಮಾಧಾನ ಹೇಳಲು ಹೋದ ನಮ್ಮೊಡನೆ ಅವನಾಡಿದ ಮಾತು ಇಷ್ಟೇ: “ಕೇಳಿದ್ದರೆ ಹೇಳುತ್ತಿದ್ದೆ, ಸ್ವಾಮಿ.”

ಈ ಹಳೆಯ ಸಂಗತಿಯು ಕಳೆದ ದೀಪಾವಳಿಯಲ್ಲಿ ಮತ್ತೆ ನೆನಪಿಗೆ ಬಂದಿತು. ಬೆಂಗಳೂರಿನ ಒಂದು ಕಂಪೆನಿಯ ಸಿಬ್ಬಂದಿ ವಿಭಾಗದಲ್ಲಿರುವ ನಮ್ಮ ಮಗಳು ಹಬ್ಬಕ್ಕೆ ಬಂದಿದ್ದಳು. ಎಣ್ಣೆನೀರಾದ ಮೇಲೂ ಅವಳ ಮುಖ ಗೆಲುವಾಗಲಿಲ್ಲ. ಕಾರಣ ಕೇಳಲಾಗಿ ಹೇಳಿದಳು: ಕಂಪೆನಿಯವರು ಹೊಸದೊಂದು ಕಂಪ್ಯೂಟರ್ ಏರ್ಪಾಡನ್ನು ತಂದಿದ್ದಾರೆ. ಅದು ನೌಕರರ ಹಾಜರಿ, ರಜೆ, ಸಂಬಳ, ದುಡಿದ ಗಂಟೆಗಳು ಮುಂತಾದುವನ್ನು, ಹಿಂದೆ ಕೆಲಸ ಬಿಟ್ಟವರ ದಾಖಲೆಗಳೊಡನೆ ಹೋಲಿಸಿ, ಮುಂದಿನ ೬ ತಿಂಗಳಲ್ಲಿ ಯಾರು ಬಿಟ್ಟುಹೋಗಬಹುದೆಂದು ಪಟ್ಟಿ ಕೊಡುತ್ತದೆ. ಆ ಪಟ್ಟಿಯಲ್ಲಿ ಮೊದಲನೆಯ ಹೆಸರು ಹೆರಿಗೆಯ ರಜೆ ಮುಗಿಸಿ ಬಂದ ಒಬ್ಬ ಹೆಣ್ಣುಮಗಳದು. ಹೋಗುವವಳಿಗೆ ತರಬೇತಿಯೇಕೆಂದು ಮೇಲಿನವರು ಅವಳ ಹೆಸರನ್ನು ತರಬೇತಿಯಿಂದ ತೆಗೆಯಹೇಳಿದ್ದಾರೆ. “ಅಪ್ಪಾ, ಇಂಥ ಪಟ್ಟಿಯೊಂದು ಇದೆಯೆಂಬುದೇ ಆಕೆಗೆ ಗೊತ್ತಿಲ್ಲ” ಎಂದಳು.

ಈ ವಿದ್ಯೆಗೆ ‘ಎಚ್. ಆರ್. ಅನಲಿಟಿಕ್ಸ್’ ಎಂದು ಹೆಸರು. ಹೆಸರು ಹೊಸದಾದರೂ ಬೇರು ಹಳೆಯದು. ಅಮೆರಿಕದ ಫ್ರೆಡರಿಕ್ ಟೇಲರ್ ಎಂಬ ಎಂಜಿನಿಯರು ಗಡಿಯಾರ ಹಿಡಿದು ಕಾರ್ಖಾನೆಯ ಕೆಲಸಗಳ ವೇಳೆಯನ್ನಳೆಸಿ, ೧೯೧೧ರಲ್ಲಿ ವೈಜ್ಞಾನಿಕ ಆಡಳಿತದ ತತ್ತ್ವಗಳನ್ನು ಕುರಿತು ಪುಸ್ತಕ ಪ್ರಕಟಿಸಿದನು. ಅಂದು ಅಳೆಯುವವನು ಎದುರಿಗೆ ನಿಂತಿರುತ್ತಿದ್ದನು. ಇಂದಾದರೋ ಬಾಗಿಲಿಗೆ ತೋರುವ ಕಾರ್ಡು, ಕಳುಹಿಸಿದ ಈಮೇಲು, ಕಂಪ್ಯೂಟರನ್ನು ತೆರೆದ ವೇಳೆ ಇವೆಲ್ಲವೂ ದುಡಿಯುವವನ ಅರಿವಿಲ್ಲದೆಯೇ ಲೆಕ್ಕಕ್ಕೆ ಸೇರಬಲ್ಲವು.

ಲೆಕ್ಕವೇ ಕೆಟ್ಟದ್ದೆಂದು ನಾವು ಹೇಳತಕ್ಕವರಲ್ಲ. ಅದರಿಂದಲೇ ನಮ್ಮ ಹೊಟ್ಟೆ ತುಂಬಿತು. ೨೦೦೮-೦೯ರ ಸುಮಾರಿನಲ್ಲಿ ಗೂಗಲ್ ಕಂಪೆನಿಯು, ಮೇಲಧಿಕಾರಿಗಳ ವಿಷಯದಲ್ಲಿ ನೌಕರರು ಕೊಟ್ಟ ಅಭಿಪ್ರಾಯಗಳೇ ಮುಂತಾದ ದಾಖಲೆಗಳನ್ನು ಶೋಧಿಸಿ, ಒಳ್ಳೆಯ ಅಧಿಕಾರಿಗೆ ಇರಬೇಕಾದ ೮ ಗುಣಗಳನ್ನು ಗುರುತಿಸಿತು. ಕೈಕೆಳಗಿನವರನ್ನು ತಿದ್ದಿ ಬೆಳೆಸುವುದು ಅವುಗಳಲ್ಲಿ ಮೊದಲನೆಯದಾಯಿತು. ತಾಂತ್ರಿಕ ಪಾಂಡಿತ್ಯವು ಕೊನೆಯದಾಯಿತು. ಇಂಥ ಲೆಕ್ಕದಿಂದ ದುಡಿಯುವವನಿಗೆ ಹಿತವೇ ಹೊರತು ಕೇಡಿಲ್ಲ.

ಆದರೆ ಹಿಂದಿನ ದಾಖಲೆಯಿಂದ ಕಲಿಯುವ ಯಂತ್ರವು ಹಿಂದಿನವರ ಪಕ್ಷಪಾತವನ್ನೂ ಕಲಿಯುವುದುಂಟು. ಅಮೆಜಾನ್ ಕಂಪೆನಿಯು ೨೦೧೪ರಿಂದ ಉದ್ಯೋಗದ ಅರ್ಜಿಗಳಿಗೆ ಅಂಕ ಹಾಕುವ ಏರ್ಪಾಡೊಂದನ್ನು ರೂಪಿಸುತ್ತಿದ್ದಿತು. ೧೦ ವರ್ಷಗಳ ಅರ್ಜಿಗಳನ್ನು ಅದಕ್ಕೆ ಪಾಠವಾಗಿ ಕೊಟ್ಟಿದ್ದರು. ಅವುಗಳಲ್ಲಿ ಬಹುಪಾಲು ಗಂಡಸರವು. ಅರ್ಜಿಯಲ್ಲಿ ‘ಮಹಿಳೆಯರ’ ಎಂಬ ಪದ ಕಂಡರೆ ಯಂತ್ರವು ಅಂಕವನ್ನಿಳಿಸುತ್ತಿದ್ದಿತೆಂದೂ, ಕಂಪೆನಿಯು ಆ ಪ್ರಯತ್ನವನ್ನೇ ಕೈಬಿಟ್ಟಿತೆಂದೂ ೨೦೧೮ರ ಅಕ್ಟೋಬರಿನಲ್ಲಿ ರಾಯಿಟರ್ಸ್ ಸಂಸ್ಥೆ ವರದಿ ಮಾಡಿತು.

೨೦೧೮ರ ಮೇ ೨೫ರಿಂದ ಜಾರಿಯಲ್ಲಿರುವ ಯೂರೋಪು ಒಕ್ಕೂಟದ ದತ್ತಾಂಶ ಶಾಸನದ ೨೨ನೆಯ ವಿಧಿಯು, ಒಬ್ಬನ ಬಾಳಿನ ಮುಖ್ಯ ವಿಷಯವನ್ನು ಕೇವಲ ಯಂತ್ರವೇ ತೀರ್ಮಾನಿಸುವುದನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಒಪ್ಪುವ ಕೆಲವೆಡೆಗಳಲ್ಲಿಯೂ, ಮನುಷ್ಯನೊಬ್ಬನು ಅದನ್ನು ನೋಡಬೇಕೆಂದು ಕೇಳುವ, ತನ್ನ ಮಾತು ಹೇಳುವ, ತೀರ್ಮಾನವನ್ನು ಪ್ರಶ್ನಿಸುವ ಹಕ್ಕುಗಳನ್ನಿಟ್ಟಿದೆ. ನಮ್ಮ ಪಾರ್ಲಿಮೆಂಟು ೨೦೨೩ರಲ್ಲಿ ಅಂಗೀಕರಿಸಿದ ವೈಯಕ್ತಿಕ ದತ್ತಾಂಶದ ಕಾಯಿದೆಯಲ್ಲಾದರೋ, ಉದ್ಯೋಗದ ಉದ್ದೇಶಗಳಿಗಾಗಿ ನೌಕರನ ವಿವರಗಳನ್ನು ಅವನ ಸಮ್ಮತಿಯಿಲ್ಲದೆ ಬಳಸಲು ಎಡೆಯಿದೆ. ಆದುದರಿಂದ ನಮ್ಮಲ್ಲಿ ಹೆಚ್ಚಿನ ಭಾರ ಎಣಿಸುವವರ ಮನಸ್ಸಾಕ್ಷಿಯ ಮೇಲೆಯೇ ಬೀಳುತ್ತದೆ.

ನಾವು ಮಗಳಿಗೆ ನೇಕಾರನ ಕಥೆಯನ್ನು ಹೇಳಿದೆವು. ಅವನ ಕೆಂಪು ಗೆರೆಗಳಾದರೂ ಹಾಜರಿ ಕಿಟಕಿಯಲ್ಲಿ ಅವನ ಕಣ್ಣಿಗೆ ಬೀಳುತ್ತಿದ್ದುವು. ಈಕೆಗೆ ಅಷ್ಟೂ ಇಲ್ಲ. “ಮೇಲಿನವರ ಮಾತು ಮೀರುವುದು ಹೇಗಪ್ಪಾ?” ಎಂದು ಅವಳು ಕೇಳಿದಳು. ಅಡಿಗೆಯ ಮನೆಯಿಂದ ನಮ್ಮ ಮನೆಯವರು, “ನೀನೂ ಬಾಣಂತನ ಮುಗಿಸಿಕೊಂಡು ಕೆಲಸಕ್ಕೆ ಹೋದವಳೇ ಅಲ್ಲವೇನೆ? ಮಗು ಪರೀಕ್ಷೆಯಲ್ಲಿ ಕಡಿಮೆ ಅಂಕ ತಂದರೆ, ಹತ್ತಿರ ಕೂರಿಸಿಕೊಂಡು ಏನಾಯಿತೆಂದು ಕೇಳುತ್ತೀಯಲ್ಲ, ಹಾಗೆ ಇವಳನ್ನೂ ಕೇಳು” ಎಂದರು. ಅವಳು ಉತ್ತರ ಕೊಡಲಿಲ್ಲ.

ಹದಿನೈದು ದಿನಗಳ ಮೇಲೆ ಟೆಲಿಫೋನು ಬಂದಿತು. ಮಗಳು ಆ ಹೆಣ್ಣುಮಗಳನ್ನು ಕರೆದು ವಿಚಾರಿಸಿದ್ದಳು. ಕೂಸನ್ನು ನೋಡಿಕೊಳ್ಳುವ ಜಾಗ ಸಂಜೆ ೬ಕ್ಕೆ ಮುಚ್ಚುವುದರಿಂದ ಆಕೆ ೫ಕ್ಕೆ ಹೊರಡುತ್ತಿದ್ದಳು. ಉಳಿದ ಕೆಲಸವನ್ನು ಕೂಸು ಮಲಗಿದ ಮೇಲೆ ಮನೆಯಲ್ಲಿ ಮುಗಿಸುತ್ತಿದ್ದಳು. ಕೆಲಸ ಬಿಡುವ ಯೋಚನೆಯೇ ಅವಳಿಗಿರಲಿಲ್ಲ. ಮಗಳು ಇದನ್ನೆಲ್ಲ ಬರೆದು ಮೇಲಿನವರಿಗೆ ಕಳುಹಿಸಿದಳು. ಅವರು ಅಸಮಾಧಾನಪಟ್ಟರಂತೆ, ಆದರೂ ತರಬೇತಿಯ ಜಾಗ ಆಕೆಗೆ ಉಳಿಯಿತು. ಪಟ್ಟಿ ಈಗಲೂ ಪ್ರತಿ ತಿಂಗಳು ಬರುತ್ತಿದೆ. ಅದರಲ್ಲಿರುವವರಿಗೆ ತಿಳಿಸಿ, ಅವರ ಮಾತು ಕೇಳದೆ ಯಾವ ಕಾಗದಕ್ಕೂ ರುಜು ಹಾಕುವುದಿಲ್ಲವೆಂದು ಮಗಳು ನಿಶ್ಚಯಿಸಿಕೊಂಡಿದ್ದಾಳೆ. ಎಷ್ಟು ದಿನ ನಡೆಯುವುದೋ ನಾವರಿಯೆವು.

ಆ ನೇಕಾರನಿಗೆ ತಪ್ಪಿದ ಬಡ್ತಿ ಕೊನೆಗೂ ದೊರೆಯಲಿಲ್ಲ. ವಾಚಕರಲ್ಲಿ ಎಣಿಸುವ ಕೆಲಸದಲ್ಲಿರುವವರು ಹಲವರಿರಬಹುದು. ಪಟ್ಟಿಯನ್ನೊಪ್ಪಿಸುವುದಕ್ಕೆ ಮುಂಚೆ, ಅದರಲ್ಲಿ ಹೆಸರಿರುವವನನ್ನು ಒಮ್ಮೆ ಕೇಳಬೇಕೆಂದು ಅವರಲ್ಲಿ ನಮ್ಮ ಪ್ರಾರ್ಥನೆ.