ತೆಗೆದ ಪಟ ಅಲ್ಲೇ ಕೊಟ್ಟರೆ

ಪಟ ತೆಗೆಸಿಕೊಂಡವರು ಕೇಳುವ ಮಾತು ಎಲ್ಲ ಕಡೆಯೂ ಒಂದೇ: “ನಮಗೂ ಕಳಿಸ್ತೀರಾ?” ತೆಗೆದವರ ಉತ್ತರವೂ ಒಂದೇ: “ಖಂಡಿತ ಕಳಿಸ್ತೀನಿ.” ಇವೆರಡು ಮಾತುಗಳ ನಡುವೆ ಎಷ್ಟು ಪಟಗಳು ಕಳೆದುಹೋಗಿವೆಯೋ ಲೆಕ್ಕವಿಟ್ಟವರಿಲ್ಲ. ಕಾರ್ಡು ಮನೆಗೆ ಹೋಗಬೇಕು, ಕಾರ್ಡ್ ರೀಡರ್ ಸಿಗಬೇಕು, ಕಂಪ್ಯೂಟರಿಗೆ ಸುರಿದು ಆರಿಸಬೇಕು. ಅಷ್ಟರೊಳಗೆ ಚೀಟಿಯಲ್ಲಿ ಬರೆದುಕೊಂಡ ನಂಬರು ಯಾರದೆಂಬುದೇ ಮರೆತಿರುತ್ತದೆ. ಕ್ಯಾಮೆರಾದಿಂದ ಮೊಬೈಲಿಗೆ ತಂತಿಯಿಲ್ಲದೆ ಪಟ ದಾಟಿಸುವ ಸೌಲಭ್ಯ ನನಗೆ ಇಷ್ಟೊಂದು ಹಿಡಿಸಿರುವುದು ಇದೇ ಕಾರಣಕ್ಕೆ. ಪಟದಲ್ಲಿರುವವರು ಇನ್ನೂ ಎದುರಿಗೇ ನಿಂತಿರುವಾಗ ಅವರ ಪಟ ಅವರ ಕೈ ಸೇರುತ್ತದಲ್ಲ, ಅದಕ್ಕಿಂತ ದೊಡ್ಡ ಉಪಯೋಗ ಅದಕ್ಕೆ ಬೇಕಿಲ್ಲ.

ದೊಡ್ಡಬಳ್ಳಾಪುರದ ಹತ್ತಿರ ಘಾಟಿ ಸುಬ್ರಹ್ಮಣ್ಯದಲ್ಲಿ ಚಳಿಗಾಲಕ್ಕೆ ದನಗಳ ಜಾತ್ರೆ ಕಟ್ಟುತ್ತದೆ. ಹಳ್ಳಿಕಾರ್ ಹೋರಿಗಳನ್ನು ನೋಡಬೇಕೆಂದರೆ ಅಲ್ಲಿ ನೋಡಬೇಕು. ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆಸರ, ಮೈಮೇಲೆ ಒಂದು ಹುಲ್ಲುಕಡ್ಡಿಯೂ ಇರದಂತೆ ತಿಕ್ಕಿ ತೊಳೆದು ನಿಲ್ಲಿಸಿರುತ್ತಾರೆ. ದಲ್ಲಾಳಿಗಳು ಬಾಯಿ ಬಿಡಿಸಿ ಹಲ್ಲು ಎಣಿಸಿ, ಟವೆಲಿನ ಅಡಿಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಾರೆ. ಅಲ್ಲಿ ಒಬ್ಬ ರೈತರ ಜೋಡಿಯ ಪಟ ತೆಗೆದೆ. ಎರಡರ ನಡುವೆ ನಿಂತು ಎರಡರ ಬೆನ್ನ ಮೇಲೂ ಕೈಯಿಟ್ಟಿದ್ದರು. “ಸ್ವಾಮಿ, ನಮ್ಗೊಂದು ಹಾಕಿ. ಸಂಜೆಗೆ ಇವು ಇನ್ನೊಬ್ರ ಪಾಲು” ಅಂದರು. ಕರುವಾಗಿದ್ದಾಗಿನಿಂದ ಸಾಕಿದ ಜೋಡಿಯಂತೆ. ಅಂಥ ಪಟವನ್ನು ಆಮೇಲೆ ಕಳಿಸುತ್ತೇನೆ ಎನ್ನಲು ಬರುತ್ತದೆಯೇ?

ಜಾತ್ರೆಯ ಜನಸಂದಣಿಯಲ್ಲಿ ಮೊಬೈಲ್ ನೆಟ್‌ವರ್ಕ್ ಹೆಸರಿಗಷ್ಟೇ ಇತ್ತು. ಆದರೆ ಈ ಕೆಲಸಕ್ಕೆ ಟವರೂ ಬೇಡ, ಇಂಟರ್ನೆಟ್ಟೂ ಬೇಡ. ಕ್ಯಾಮೆರಾ ತನ್ನದೇ ಒಂದು ಪುಟ್ಟ ವೈಫೈ ಹರಡುತ್ತದೆ, ಮೊಬೈಲು ಅದನ್ನು ಸೇರಿಕೊಳ್ಳುತ್ತದೆ, ಎರಡೂ ನೇರವಾಗಿ ಮಾತಾಡಿಕೊಳ್ಳುತ್ತವೆ. ನನ್ನ ಮೊಬೈಲಿಗೆ ಬಂದ ಪಟವನ್ನು ಪಕ್ಕದ ಫೋನಿಗೆ ದಾಟಿಸುವ ಕ್ವಿಕ್ ಶೇರ್‌ನಂಥ ದಾರಿಗೂ ಇಂಟರ್ನೆಟ್ ಬೇಕಿಲ್ಲ. ಅವರ ಮಗ ಫೋನು ಚಾಚಿದ, ಹೋರಿಗಳು ಕಟ್ಟಿದ ಗೂಟದಲ್ಲಿರುವಾಗಲೇ ಪಟ ಬಂದಿತು.

ಕ್ಯಾಮೆರಾ ಕೊಂಡ ಅನೇಕರು ಈ ಸೌಲಭ್ಯವನ್ನು ಒಂದೆರಡು ಸಲ ನೋಡಿ ಕೈಬಿಡುವುದುಂಟು. ಎಡವುವ ಜಾಗ ಹೆಚ್ಚಾಗಿ ಒಂದೇ. ಕ್ಯಾಮೆರಾದ ವೈಫೈಯಲ್ಲಿ ಇಂಟರ್ನೆಟ್ ಇರುವುದಿಲ್ಲ, ಮೊಬೈಲಿಗೆ ಅದು ಸರಿಬರುವುದಿಲ್ಲ. “ಇಲ್ಲಿ ಇಂಟರ್ನೆಟ್ ಇಲ್ಲ, ಆದರೂ ಇರಬೇಕೇ?” ಎಂದು ಕೇಳುತ್ತದೆ, ಇರಲಿ ಎನ್ನಬೇಕು. ಕೆಲವು ಫೋನುಗಳು ಕೇಳುವುದೂ ಇಲ್ಲ, ಸದ್ದಿಲ್ಲದೆ ಮೊಬೈಲ್ ಡೇಟಾಗೆ ಜಿಗಿದುಬಿಡುತ್ತವೆ. ಸ್ವಲ್ಪ ಹೊತ್ತು ಡೇಟಾ ಆರಿಸಿಟ್ಟರೆ ತೊಂದರೆ ಮುಗಿಯಿತು. ಇನ್ನು ಬ್ಲೂಟೂತ್. ಅದು ಕಡಿಮೆ ಬ್ಯಾಟರಿ ತಿನ್ನುತ್ತಾ ಎರಡನ್ನೂ ಸದಾ ಸಂಪರ್ಕದಲ್ಲಿಡುತ್ತದೆ, ಫೋನಿನ ಗಡಿಯಾರವನ್ನೂ ಸ್ಥಳವನ್ನೂ ಕ್ಯಾಮೆರಾಗೆ ತಿಳಿಸುತ್ತದೆ. ಆದರೆ ಹತ್ತು ಎಂಬಿಯ ಪಟ ಹೊರಲು ಅದಕ್ಕೆ ನಿಮಿಷಗಳೇ ಬೇಕು, ವೈಫೈಗೆ ಕೆಲವೇ ಸೆಕೆಂಡು ಸಾಕು. ನಿಕಾನ್ 2016ರಲ್ಲಿ ಸ್ನ್ಯಾಪ್‌ಬ್ರಿಡ್ಜ್ ತಂದಾಗ ಇದಕ್ಕೊಂದು ಉಪಾಯ ಮಾಡಿತು: ಬ್ಲೂಟೂತಿನಲ್ಲಿ 2 ಮೆಗಾಪಿಕ್ಸೆಲ್‌ನ ಸಣ್ಣ ಪ್ರತಿ ತಾನಾಗಿಯೇ ಹರಿದು ಬರುತ್ತದೆ, ಮೂಲ ಪಟ ಕಾರ್ಡಿನಲ್ಲೇ ಉಳಿಯುತ್ತದೆ. ನನಗೆ ಈ ಏರ್ಪಾಡು ಬಹಳ ಸರಿ ಅನ್ನಿಸುತ್ತದೆ. ಕೊಡಲು ಸಣ್ಣದು, ಕಾಪಿಡಲು ದೊಡ್ಡದು. ಮೊಬೈಲಿನ ಪರದೆಗೆ ಎರಡು ಮೆಗಾಪಿಕ್ಸೆಲ್ ಧಾರಾಳ.

ಕ್ಯಾಮೆರಾಗೂ ಫೋನಿಗೂ ನಂಟು ಬೆಳೆದ ಕಥೆ ಹೇಳಹೊರಟರೆ ಒಂದು ಹೆರಿಗೆ ವಾರ್ಡಿಗೆ ಹೋಗಬೇಕು. 1997ರ ಜೂನ್ 11, ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ಼್. ಫಿಲಿಪ್ ಕಾನ್ ಎಂಬ ತಂತ್ರಜ್ಞ ಹೆಂಡತಿಯ ಹೆರಿಗೆಗೆ ಕಾಯುತ್ತಾ, ಒಂದು ಕ್ಯಾಸಿಯೋ ಡಿಜಿಟಲ್ ಕ್ಯಾಮೆರಾ, ಒಂದು ಮೋಟೊರೋಲಾ ಫೋನು ಮತ್ತು ಲ್ಯಾಪ್‌ಟಾಪನ್ನು ತಂತಿಯಿಂದ ಬೆಸೆದರು. ಬೇಕಾದ ತಂತಿ ಸಿಕ್ಕಿದ್ದು ಕಾರಿನ ಸ್ಪೀಕರ್‌ಫೋನ್ ಕಿಟ್‌ನಿಂದ. ಮಗಳು ಸೋಫಿ ಹುಟ್ಟಿದಳು, ಅವಳ ಪಟ ಆಸ್ಪತ್ರೆಯಿಂದಲೇ ಎರಡು ಸಾವಿರಕ್ಕೂ ಹೆಚ್ಚು ಬಂಧುಮಿತ್ರರನ್ನು ಮುಟ್ಟಿತು. ಅಪ್ಪನಾದವನ ಆತುರವೇ ಅದರ ಹಿಂದಿನ ಶಕ್ತಿ. ಕೂಸಿನ ಪಟ ನಾಳೆ ತಲುಪಿದರೆ ಏನಾಗುತ್ತಿತ್ತು ಎಂದು ಕೇಳಬಹುದು. ಕೂಸು ಹುಟ್ಟಿದ ಮನೆಯವರನ್ನು ಕೇಳಿನೋಡಿ! ಮುಂದೆ ಕ್ಯಾಮೆರಾ ಫೋನಿನೊಳಗೇ ಸೇರಿಹೋಯಿತು. ಹೊರಗೆ ಉಳಿದ ನಿಜವಾದ ಕ್ಯಾಮೆರಾಗಳು, ದೊಡ್ಡ ಲೆನ್ಸೂ ದೊಡ್ಡ ಸೆನ್ಸರೂ ಇರುವವು, ಮತ್ತೆ ಫೋನಿನತ್ತ ದಾರಿ ಹುಡುಕಬೇಕಾಯಿತು. ಕೊಡಾಕ್ ಮತ್ತು ನಿಕಾನ್ 2005ರ ಹೊತ್ತಿಗೇ ವೈಫೈ ಇರುವ ಕ್ಯಾಮೆರಾ ತಂದಿದ್ದವು. 2007ರಲ್ಲಿ ಐ-ಫೈ ಎಂಬ ಕಂಪನಿ ಮೆಮೊರಿ ಕಾರ್ಡಿನೊಳಗೇ ವೈಫೈ ಅಡಗಿಸಿ ಮಾರತೊಡಗಿತು. ಹಳೆಯ ಕ್ಯಾಮೆರಾಗಳಿಗೂ ದನಿ ಬಂತು. ಅದೀಗ ಇಲ್ಲ, ಆದರೆ ಹಳೆಯದನ್ನು ಎಸೆಯದೆ ಹೊಸ ಕಾಲಕ್ಕೆ ಸೇರಿಸಿಕೊಂಡ ಆ ಯೋಚನೆಯ ಬಗ್ಗೆ ನನಗೆ ಈಗಲೂ ಗೌರವವಿದೆ.

ಹಕ್ಕಿಗಳ ಪಟ ತೆಗೆಯುವವರಿಗೆ ಒಂದು ಮಾತು ಹೇಳಲೇಬೇಕು. ಫೋನು ಕ್ಯಾಮೆರಾಗೆ ಕೊಡುವ ಸ್ಥಳದ ವಿವರ ಪಟದೊಳಗೇ ಬರೆದುಕೊಳ್ಳುತ್ತದೆ. ಪ್ರವಾಸದ ಪಟಕ್ಕೆ ಅದು ವರ. ಅಪರೂಪದ ಹಕ್ಕಿಯ ಗೂಡಿಗೆ ಅದು ಅಪಾಯ; ವಿಳಾಸ ಕೈಯಿಂದ ಕೈಗೆ ದಾಟುತ್ತದೆ, ಗುಂಪು ಬಂದು ಮುತ್ತುತ್ತದೆ, ತಾಯಿಹಕ್ಕಿ ಗೂಡು ಬಿಟ್ಟುಹೋಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಪಟವನ್ನು ಪಟವಾಗಿ ಕಳಿಸಿದರೆ ಅದು ಕುಗ್ಗುತ್ತದೆ, ಸ್ಥಳದ ವಿವರವೂ ಅಳಿಯುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಪೂರ್ತಿ ಗುಣಮಟ್ಟ ಉಳಿಯುತ್ತದೆ, ಜೊತೆಗೆ ಗೂಡಿನ ವಿಳಾಸವೂ ಉಳಿಯುತ್ತದೆ. ರಂಗನತಿಟ್ಟಿನಂಥ ಕಾವಲಿರುವ ಜಾಗದ ಮಾತು ಬೇರೆ. ಊರಾಚೆಯ ಬಂಡೆಯಲ್ಲಿ ಗೂಬೆ ಮರಿ ಮಾಡಿದ್ದರೆ ಕ್ಯಾಮೆರಾದಲ್ಲಿ ಸ್ಥಳ ಬರೆಯುವುದನ್ನು ಮೊದಲೇ ನಿಲ್ಲಿಸಿಡಬೇಕು.

ಸ್ಮಾರ್ಟ್‌ಫೋನೇ ಇಲ್ಲದ ಹಿರಿಯರಿಗೆ ಏನು ಮಾಡುವುದು? ನನ್ನ ಮಟ್ಟಿಗೆ ಈ ಸೌಲಭ್ಯದ ಪೂರ್ತಿ ಸೊಗಸು ಅಲ್ಲಿದೆ. ಫೋನಿಗೆ ಬಂದ ಪಟವನ್ನು ವೈಫೈಯಲ್ಲೇ ಪಡೆದು ಅಚ್ಚುಹಾಕುವ ಚಿಕ್ಕ ಪ್ರಿಂಟರುಗಳು ಸಿಗುತ್ತವೆ. ಕ್ಯಾನನ್‌ನ ಸೆಲ್ಫಿ ಪ್ರಿಂಟರನ್ನು ನಾಮಕರಣದ ಮನೆಯಲ್ಲೊಮ್ಮೆ ಇಟ್ಟು ನೋಡಿ. ಒಂದೇ ಕಾಗದ ನಾಲ್ಕು ಸಲ ಒಳಗೆ ಹೋಗಿ ಹೊರಗೆ ಬರುತ್ತದೆ. ಮೊದಲ ಸಲ ಬರೀ ಹಳದಿ, ಯಾರ ಮುಖವೆಂದು ಗೊತ್ತಾಗದು. ಎರಡನೆಯ ಸಲ ಕೆಂಪು ಕೂಡಿ ಮುಖ ಮೂಡುತ್ತದೆ, ಮೂರನೆಯ ಸಲ ನೀಲಿ ಬಿದ್ದು ಸೀರೆಯ ಬಣ್ಣ ನಿಲ್ಲುತ್ತದೆ, ಕೊನೆಗೆ ನೀರು ತಾಗಿದರೂ ಕೆಡದಂತೆ ಒಂದು ತೆಳು ಪದರ. ಅಜ್ಜಿಯರು ಸುತ್ತ ಕೂತು “ಅಗೋ, ಇದು ನಮ್ಮ ಸರೋಜನೇ” ಎಂದು ಎರಡನೆಯ ಸುತ್ತಿಗೇ ಗುರುತಿಸುತ್ತಾರೆ. ಕಾಗದ, ಬಣ್ಣದ ರಿಬ್ಬನ್ನು ಎರಡೂ ಸರಿಸಮ ಮುಗಿಯುವಂತೆ ಒಂದೇ ಪ್ಯಾಕಿನಲ್ಲಿ ಬರುತ್ತವೆ. ಬೇಕೆನಿಸಿದ್ದಕ್ಕಿಂತ ಒಂದು ಪ್ಯಾಕು ಹೆಚ್ಚಿಗೇ ಒಯ್ಯಿರಿ. ಒಬ್ಬರ ಕೈಗೆ ಪಟ ಬಂತೆಂದರೆ ಅಡುಗೆಯವರಿಂದ ಹಿಡಿದು ವಾಲಗದವರವರೆಗೆ ಎಲ್ಲರೂ ಕೇಳುತ್ತಾರೆ, ಎಲ್ಲರಿಗೂ ಕೊಡಬೇಕು.