ಅಜ್ಜಿಯ ಕೊಳ್ಳಿದೆವ್ವ



ದೆವ್ವ-ಗಿವ್ವ ನಾನು ನಂಬಲ್ಲ, ನಿಮಗೆ ಗೊತ್ತು. ಆದ್ರೆ ಕ್ಯಾಸಂಬಳ್ಳಿಯ ನಮ್ಮಜ್ಜಿ ಹೇಳ್ತಿದ್ದ ಕೊಳ್ಳಿದೆವ್ವದ ಕತೆ ಬಿಡೋಕಾಗಲ್ಲ. ಅದು ಕೈಲಿ ದೀಪ ಹಿಡ್ಕೊಂಡು ಸೈನೈಡ್ ಗುಡ್ಡದ ಮೇಲೆ ನಡೆಯುತ್ತೆ. ಎದುರಾದವರನ್ನ ಕೇಳುತ್ತೆ: "ಶಿಫ್ಟ್ ಬಿಡ್ತಾ? ನನ್ನ ನಂಬರ್ ಕೂಗಿದ್ರಾ?" ಗಣಿಯೊಳಗೆ ಬಂಡೆ ಸಿಡಿದು ಸತ್ತವನಂತೆ. "ಹೆದರಬೇಡ, ನಮ್ಮೋನೇ. 'ಕೂಗಿದ್ರು, ಮನೆಗೆ ನಡಿಯಪ್ಪ' ಅನ್ನು, ಹೋಗ್ತಾನೆ" ಅನ್ನೋಳು ಅಜ್ಜಿ.

ಚಿನ್ನದ ಗಣಿ ಚರಿತ್ರೆಯಲ್ಲಿ ವಾರೆನ್ ಇದ್ದಾನೆ, ಐರ್ಲೆಂಡ್ ಮೂಲದ ಲ್ಯಾವೆಲ್ ಇದ್ದಾನೆ, ಜಾನ್ ಟೇಲರ್ ಕಂಪನಿ ಇದೆ. ಈ ನಂಬರಿನವನು ಅಜ್ಜಿ ಬಾಯಲ್ಲಿ ಮಾತ್ರ. ಅದೇ ಐರ್ಲೆಂಡಲ್ಲಿ 1937ರಿಂದ 39ರವರೆಗೆ ಶಾಲಾ ಮಕ್ಕಳ ಕೈಲಿ ಮನೆಯ ಹಿರಿಯರ ಕತೆ ಬರೆಸಿದ್ರು, ದಿಬ್ಬದಡಿ ವಾಸಿಸೋ ಮಾಯದ ಜನರ ಕತೆಗಳನ್ನೂ ಸೇರಿಸಿ. ನಾನು ಕ್ಲಾಸಲ್ಲಿ ಕೊಳ್ಳಿದೆವ್ವದ ಕತೆ ಶುರುಮಾಡಿದಾಗ ಮೇಷ್ಟ್ರು, "ಕೇರಿ ಕತೆ ಕೇರೀಲಿ ಇಟ್ಕೋ" ಅಂದು ಕೂರಿಸಿದ್ರು.

2001ರಲ್ಲಿ ಗಣಿ ಮುಚ್ತು. ಕತೆ ಬಲ್ಲ ಅಜ್ಜಿಯರೂ ಒಬ್ಬೊಬ್ಬರೇ ಹೋಗ್ತಿದ್ದಾರೆ. ಮಾರಿಕುಪ್ಪ, ಉರಿಗಾಂ, ಬಂಗಾರಪೇಟೆ ಕಡೆ ನಿಮ್ಮನೇಲಿ ಯಾರಾದ್ರೂ ಇದ್ರೆ ಹೇಳಿ. ಭಾನುವಾರ ಆಫೀಸಿಗೆ ರಜೆ, ಫೋನ್ ಚಾರ್ಜ್ ಮಾಡ್ಕೊಂಡು ಬರ್ತೀನಿ. ತಮಿಳು, ತೆಲುಗು, ಯಾವುದರಲ್ಲಿ ಹೇಳಿದ್ರೂ ಸರಿ.